ಸಂಕಷ್ಟಿಗೇ ಕಟ್ಟಿದ ಗಂಟೆ

"ಗಂಟೆ ನಾದ ಹೆಂಗಿದೆ ಅಕ್ಕೋರೆ?" ಎಂದು ನೂರ್ ಅಹ್ಮದ್ ಕೇಳಿದಾಗ ಪರಿಮಳಾಗೆ ತಲೆಬುಡ ತಿಳಿಯಲಿಲ್ಲ. ಶಿರಸಿ ಪೇಟೆಯ ಅವನ ಹಿತ್ತಾಳೆ ಅಂಗಡಿಗೆ ಅವಳು ಬಂದದ್ದು ಅತ್ತೆಯ ದೀಪದ ಕಂಬದ ಬುಡಕ್ಕೆ ಬೆಸುಗೆ ಹಾಕಿಸಲಿಕ್ಕೆ.

"ಯಾವ ಗಂಟೆ?"

"ಅದೇ, ನಿಮ್ಮ ಹೆಗಡೇರು ಒಯ್ದದ್ದು. ಚಂದಗುಳಿ ಗಣಪತಿಗೆ. ಹೆಸರು ಕೆತ್ತಿದ್ದು ನಾನೇ. ಸಂಕಷ್ಟಿಗೆ ಬೇಕೇ ಬೇಕು ಅಂತ ಕೂತುಬಿಟ್ರು. ಬೇರೆಯವರ ಕೆಲಸ ಬದಿಗಿಟ್ಟು ಮಾಡಿಕೊಟ್ಟೆ."

ಒಳಗೆ ಪಾತ್ರೆ ಒರೆಸುತ್ತಿದ್ದ ಅವನ ಹೆಂಡತಿ ಚಾಂದ್ ಬಿ ತಲೆ ಎತ್ತಿ ನಕ್ಕಳು. "ಹರಕೆ ತೀರ್ತಲ್ಲ ಅಕ್ಕಾ, ನಮಗೆ ಸಿಹಿ ಎಲ್ಲಿ?"

"ನಾದ ಚಲೋ ಇದೆ," ಎಂದು ಪರಿಮಳಾ ಸುಳ್ಳು ಹೇಳಿ ಹೊರಬಿದ್ದಳು. ದೀಪದ ಕಂಬ ಅಲ್ಲೇ ಉಳಿಯಿತು.

ಚಂದಗುಳಿಯ ಘಂಟಿಗಣಪತಿಯ ವ್ಯವಹಾರ ಯಲ್ಲಾಪುರ, ಶಿರಸಿ ಕಡೆಯವರಿಗೆಲ್ಲ ಗೊತ್ತು. ಹೋಗಿ ಕೇಳಿಕೊಳ್ಳಬೇಕು. ಕೇಳಿದ್ದು ಆದರೆ ಗಂಟೆ ಕಟ್ಟಬೇಕು. ಆಗದಿದ್ದರೆ ಗಂಟೆಯೂ ಇಲ್ಲ, ಬೇಜಾರೂ ಇಲ್ಲ. ಹಾಗಾದರೆ ಗಂಡ ದಿನಕರನಿಗೆ ಆದದ್ದಾದರೂ ಏನು?

ಮನೆಗೆ ನಡೆಯುತ್ತ ಅವಳು ಒಂದೊಂದೇ ಲೆಕ್ಕ ಹಾಕಿ ನೋಡಿದಳು. ಅವನು ಗುಮಾಸ್ತನಾಗಿದ್ದ ಸಹಕಾರಿ ಸಂಘದಲ್ಲಿ ಬಡ್ತಿ ಇಲ್ಲ. ಅತ್ತೆಯ ಮಂಡಿನೋವು ಇದ್ದ ಹಾಗೇ ಇದೆ. ಸೈಟಿನ ತಕರಾರು ಕೋರ್ಟಿನಲ್ಲಿ ಕೊಳೆಯುತ್ತಿದೆ. ಇನ್ನೊಬ್ಬಳು ಇದ್ದಾಳೆಯೇ ಎಂದೂ ಯೋಚಿಸಿದಳು. ಯೋಚಿಸಿ, ಇನ್ನೊಬ್ಬಳನ್ನು ಇಟ್ಟುಕೊಂಡವನು ಗಣಪತಿಗೆ ಗಂಟೆ ಕಟ್ಟುತ್ತಾನೆಯೇ ಎಂದು ತನ್ನನ್ನೇ ಬೈದುಕೊಂಡಳು. ಆದರೂ ಆ ಸಂಕಷ್ಟಿಯ ದಿನ ನೆನಪಾಯಿತು. ಯಲ್ಲಾಪುರದಲ್ಲಿ ತರಬೇತಿ ಎಂದು ಹೋದವನು ಸಂಜೆ ಬಂದು, ಹೊಟ್ಟೆ ಸರಿ ಇಲ್ಲ ಎಂದು ಮಲಗಿದ್ದ. ಚಂದ್ರ ಮೂಡಿದ ಮೇಲೆ ಎದ್ದು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡಿದ್ದ. ಜನ್ಮದಲ್ಲಿ ಸಂಕಷ್ಟಿ ಉಪವಾಸ ಮಾಡದ ಮನುಷ್ಯ.

ಅತ್ತೆ ಸುಬ್ಬಲಕ್ಷ್ಮಿ ಜಗುಲಿಯಲ್ಲಿ ಬತ್ತಿ ಹೊಸೆಯುತ್ತಿದ್ದರು.

"ಅತ್ತೆ, ಹರಕೆ ಹೊತ್ತದ್ದು ಯಾರಿಗೂ ಹೇಳಲಾಗ ಅಲ್ದಾ?"

"ತೀರೂ ತನಕ ಹೇಳಲಾಗ."

"ತೀರಿದ ಮೇಲೆ?"

"ತೀರಿದ ಮೇಲೆ ಎಂತಕ್ಕೆ ಮುಚ್ಚಿಡೂದು ಮಾರಾಯ್ತಿ? ಊರಿಗೇ ಹೇಳೂದು, ಕರೆದು ಪಾಯಸ ಹಾಕೂದು. ನೀ ಎಂತ ಹರಕೆ ಹೊತ್ತಿದ್ದೆ?"

"ಆನು ಎಂತದೂ ಹೊತ್ತಿದ್ನಿಲ್ಲೆ."

ಅತ್ತೆಗೆ ಗೊತ್ತಿಲ್ಲ. ಗೊತ್ತಿದ್ದರೆ ಆ ಬಾಯಿ ನಿಲ್ಲುತ್ತಿರಲಿಲ್ಲ. ತಾಯಿಗೂ ಹೇಳದ, ಹೆಂಡತಿಗೂ ಹೇಳದ, ತೀರಿದ ಮೇಲೂ ಹೇಳದ ಹರಕೆ.

ಈ ಮನೆಯಲ್ಲಿ ಇತ್ತೀಚೆಗೆ ಆದದ್ದು ಒಂದೇ. ಅದು ಪರಿಮಳಾಗೆ ಆದದ್ದು, ಅದೂ ಕೆಟ್ಟದ್ದು.

ಅವಳು ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತಿದ್ದಳು. ಅವಳ ತವರು ತ್ಯಾಗಲಿ. ಆ ಮನೆಯಲ್ಲಿ ಕೆಂಪು ಬಟ್ಟೆ ಸುತ್ತಿದ ತಾಳೆಗರಿಯ ಕಟ್ಟೊಂದಿತ್ತು. ನವರಾತ್ರಿಯಲ್ಲಿ ಅದಕ್ಕೆ ಕುಂಕುಮ ಹಚ್ಚಿ ಕೈ ಮುಗಿದು ಮತ್ತೆ ಅಟ್ಟಕ್ಕೆ ಏರಿಸುತ್ತಿದ್ದರು. ಬಿಚ್ಚಿ ಓದಿದವರು ಯಾರೂ ಇರಲಿಲ್ಲ. ಪರಿಮಳಾ ಬಿಚ್ಚಿದಳು. ಓದಲಿಕ್ಕಾಗಿಯೇ ತಿಗಳಾರಿ ಲಿಪಿ ಕಲಿತಳು. ಮೈಸೂರಿನ ಸಂಸ್ಥೆಯೊಂದು ಹಳೆಯ ಗರಿಗಳನ್ನು ಓದಿ ವಿಂಗಡಿಸುವವರನ್ನು ಕರೆದಾಗ ಅರ್ಜಿ ಹಾಕಿದಳು. ಸಂದರ್ಶನದಲ್ಲಿ ಕೊಟ್ಟ ಗರಿಯನ್ನು ತಡವರಿಸದೆ ಓದಿದಳು. ಅಲ್ಲಿದ್ದ ಹಿರಿಯರೊಬ್ಬರು ಕನ್ನಡಕ ತೆಗೆದು ಅವಳನ್ನು ನೋಡಿದ್ದರು. ಸಿಕ್ಕಿತು ಎಂದೇ ಅಂದುಕೊಂಡಳು. ಕೊನೆಗೆ ಏಕಾದಶಿಯ ದಿನ ಸಂಸ್ಥೆಯ ವೆಬ್‌ಸೈಟಿನಲ್ಲಿ ನೋಡಿದರೆ ಬೇರೆ ಯಾರದೋ ಹೆಸರು. ಅತ್ತೆಗೆ ಫಲಾಹಾರ ಮಾಡಿಕೊಡುತ್ತ ಅತ್ತಿದ್ದಳು. ದಿನಕರ ಬೆನ್ನು ಸವರಿ, "ಗಣಪತಿ ಇಚ್ಛೆ," ಎಂದಿದ್ದ.

ಆ ಮಾತು ಈಗ ಬೇರೆ ತರಹ ಕೇಳಿಸಿತು.

ಭಾನುವಾರ ತವರಿಗೆ ಎಂದು ಹೇಳಿ ಅವಳು ಯಲ್ಲಾಪುರದ ಬಸ್ಸು ಹತ್ತಿದಳು. ಗಂಡ ಸುಳ್ಳು ಹೇಳಿ ಹೋದ ದಾರಿಯಲ್ಲಿ ತಾನೂ ಸುಳ್ಳು ಹೇಳಿ ಹೋಗುತ್ತಿದ್ದೇನೆ ಅನ್ನಿಸಿತು. ಅನ್ನಿಸಿದ್ದಕ್ಕೆ ಇಳಿದೇನೂ ಬರಲಿಲ್ಲ. ಯಲ್ಲಾಪುರದಿಂದ ಆಟೋ ಹಿಡಿದಳು.

ದೇವಸ್ಥಾನದಲ್ಲಿ ತಲೆ ಎತ್ತಿದಲ್ಲೆಲ್ಲ ಗಂಟೆ. ಬೆರಳುದ್ದದ್ದು, ಕೊಡದಷ್ಟು ದೊಡ್ಡದು, ಹಸಿರು ಹಿಡಿದದ್ದು. ಪ್ರತಿಯೊಂದೂ ಯಾರೋ ಕೇಳಿದ್ದು, ಯಾರಿಗೋ ಸಿಕ್ಕಿದ್ದು. ಹೊಸ ಹೊಳಪಿನವುಗಳಲ್ಲಿ ಹುಡುಕುವುದು ಕಷ್ಟವಾಗಲಿಲ್ಲ. ನೂರ್ ಅಹ್ಮದನ ಅಕ್ಷರ ಗುಂಡಗೆ, ಚೆಂದ: ದಿನಕರ ಹೆಗಡೆ, ಶಿರಸಿ. ಅದರ ಕೆಳಗೆ: ಸಹಕುಟುಂಬ.

ಅರ್ಚನೆಗೆ ಹೆಸರು, ನಕ್ಷತ್ರ ಹೇಳಿದೊಡನೆ ಅರ್ಚಕರ ಮುಖ ಅರಳಿತು.

"ಓ, ನೀವೇ ಪರಿಮಳಾನಾ! ಸಂಕಷ್ಟಿಗೆ ನಿಮ್ಮೆಜಮಾನ್ರು ಬಂದಿದ್ರಲ್ಲ. ಅವತ್ತು ಕಟ್ಟಿದ ದೊಡ್ಡ ಗಂಟೆ ಅಂದ್ರೆ ನಿಮ್ಮದೇ. ಹೆಂಡತಿ ನೌಕರಿ ವಿಷಯ ಕೇಳ್ಕಂಡಿದ್ದೆ, ಈಡೇರ್ತು ಅಂದ್ರು. ಯಾವಾಗ ಹೊರಡೂದು ಮೈಸೂರಿಗೆ? ಒಳ್ಳೇದಾಗಲಿ."

"ನನ್ನ ಹೆಸರಲ್ಲೇ ಸಂಕಲ್ಪ ಮಾಡ್ಸಿದ್ರಾ?"

"ಮತ್ತೆ? ಹೆಂಡತಿ ಬಿಟ್ಟು ಸಂಕಲ್ಪ ಉಂಟಾ? ಬರಲಿಕ್ಕೆ ಆಗಲಿಲ್ಲ, ಹೆಸರು ಹೇಳಿ ಸಾಕು ಅಂದ್ರು."

ಅವಳು ಕೈ ಒಡ್ಡಿ ತೀರ್ಥ ತೆಗೆದುಕೊಂಡಳು. ತನ್ನ ಕೆಲಸ ತಪ್ಪಲಿ ಎಂದು ಬೇಡಿಕೊಂಡದ್ದು, ತಪ್ಪಿದ್ದಕ್ಕೆ ಉಪಕಾರ ಹೇಳಿದ್ದು, ಎರಡೂ ತನ್ನ ಹೆಸರು, ತನ್ನ ನಕ್ಷತ್ರ ಸಮೇತ. ಆದರೆ ಅದಕ್ಕಿಂತ ಬೇರೊಂದು ಚುಚ್ಚಿತು. ಬಸ್ಸಿನಲ್ಲಿ ಕೂತ ಮೇಲೆ ಅದು ಬಿಡಿಸಿ ಕಂಡಿತು. ಸಂಕಷ್ಟಿ ಮೊದಲು, ಏಕಾದಶಿ ಅದಾಗಿ ಒಂದು ವಾರಕ್ಕೆ. ಕೆಲಸ ತಪ್ಪಿದ ಸುದ್ದಿ ಅವಳಿಗೇ ತಿಳಿದದ್ದು ಏಕಾದಶಿಗೆ. ಹರಕೆ ತೀರದೆ ಯಾರೂ ಗಂಟೆ ಕಟ್ಟುವುದಿಲ್ಲ. ಸಂಕಷ್ಟಿಗೇ ಅವನಿಗೆ ಹೇಗೆ ಗೊತ್ತಾಯಿತು?

ಸಂಜೆ ಅವಳು ಒಳಗೆ ಬಂದಾಗ ದಿನಕರ ಚಹಾ ಕುಡಿಯುತ್ತಿದ್ದ. ಅತ್ತೆ ಪಕ್ಕದಲ್ಲೇ ಇದ್ದರು. ಅತ್ತೆ ಏಳಲಿ ಎಂದು ಪರಿಮಳಾ ಕಾಯಲಿಲ್ಲ.

"ಚಂದಗುಳಿಗೆ ಹೋಗಿದ್ದೆ. ಗಂಟೆ ನೋಡ್ದೆ."

ಅವನು ಲೋಟ ಇಟ್ಟ. "ಯಾವ ಗಂಟೆ?"

"ಸಹಕುಟುಂಬದ್ದು."

ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸಿದರು. ಆಮೇಲೆ ಅವನು ಧೈರ್ಯ ತಂದುಕೊಂಡ. "ಹೌದು, ಕೇಳ್ಕಂಡಿದ್ದೆ. ನೀ ಮೈಸೂರಿಗೆ ಹೋದ್ರೆ ಮಂಡಿ ನೋವಿನ ಆಯಿ ಗತಿ ಎಂತ? ನನ್ನ ಗತಿ ಎಂತ? ಮನುಷ್ಯ ದೇವರ ಹತ್ರ ಕೇಳೂದು ತಪ್ಪಾ?"

"ತಪ್ಪಲ್ಲ. ಏಕಾದಶಿಗೆ ಬಂದ ಸುದ್ದಿ ನಿಂಗೆ ಸಂಕಷ್ಟಿಗೇ ಹೇಳಿದ್ದು ಯಾರು? ಗಣಪತಿಯಾ?"

ಅವನು ತಾಯಿಯ ಕಡೆ ನೋಡಿದ. ತಾಯಿ ಅವನನ್ನೇ ನೋಡುತ್ತಿದ್ದರು.

"ನಿಂಗೆ ಪರೀಕ್ಷೆ ಡ್ಯೂಟಿ ಇತ್ತಲೆ," ಎಂದ ಕೊನೆಗೆ. "ನೀ ಫೋನ್ ಮನೆಯಲ್ಲಿ ಬಿಟ್ಟು ಹೋಗಿದ್ದೆ. ಮೈಸೂರಿಂದ ಬಂತು. ನಿಮ್ಮನ್ನ ಆರಿಸಿದ್ದೇವೆ, ಬರ್ತೀರಾ ಕೇಳಿದ್ರು."

"ನೀ ಎಂತ ಹೇಳ್ದೆ?"

"ಮನೆ ತಾಪತ್ರಯ, ಅವಳಿಗೆ ಬರಲಿಕ್ಕೆ ಆಗೂದಿಲ್ಲ ಹೇಳ್ದೆ."

"ಆಮೇಲೆ ಆ ಕರೆ ನನ್ನ ಫೋನಿಂದ ಅಳಿಸ್ದೆ ನೀನು."

ಅವನು ಚಹಾದ ಲೋಟ ಆಚೆ ಸರಿಸಿದ.

"ಹಾಂಗಾದ್ರೆ ಗಣಪತಿ ಮಾಡಿದ್ದೆಂತ? ಎಲ್ಲ ನೀನೇ ಮಾಡ್ದೆ. ಹರಕೆ ಹೊತ್ತು ಒಂದು ವಾರ ಕಾಯೂ ನಂಬಿಕೆ ಇಲ್ಲೆ, ಗಂಟೆ ಮಾತ್ರ ದೊಡ್ಡದು."

"ಹಾಂಗಲ್ಲ," ಎಂದ ದಿನಕರ, ಬಹಳ ಪ್ರಾಮಾಣಿಕವಾಗಿ. "ಸರಿಯಾಗಿ ಅದೇ ದಿನ ನೀ ಫೋನ್ ಬಿಟ್ಟು ಹೋದೆ, ಆನು ಮನೆಯಲ್ಲಿದ್ದೆ. ಅದು ಗಣಪತಿ ಮಾಡಿದ್ದೇ."

ಅವನು ಅದನ್ನು ನಂಬಿದ್ದ. ಅವಳಿಗೆ ಹೆದರಿಕೆಯಾದದ್ದು ಅಲ್ಲಿ ಮಾತ್ರ.

"ನಮ್ಮನೆ ಗರಿಯಲ್ಲಿ ವ್ರತದ ವಿಧಿ ಇದ್ದು," ಎಂದಳು. "ಗಂಡ ಸಂಕಲ್ಪ ಮಾಡುವಾಗ ಹೆಂಡತಿ ಪಕ್ಕದಲ್ಲಿ ಕೂತಿರಕ್ಕು. ಅವಳಿಗೂ ಒಪ್ಪಿಗೆ ಇದ್ದು ಹೇಳಿ ತೋರಿಸಲಿಕ್ಕೆ. ದೇವರ ಹತ್ರ ಕೇಳಲಿಕ್ಕೆ ನೀ ಯಲ್ಲಾಪುರದವರೆಗೆ ಹೋದೆ. ನನ್ನ ಹತ್ರ ಕೇಳಲಿಕ್ಕೆ ಅಡುಗೆಮನೆಯವರೆಗೆ ಬಪ್ಪಲೆ ಆಗ್ಲಿಲ್ಲೆ."

"ಕೇಳಿದ್ರೆ ನೀ ಹೋಗ್ತೆ ಹೇಳ್ತಿದ್ದೆ."

"ಹೌದು. ಹೋಗ್ತೆ ಹೇಳ್ತಿದ್ದೆ."

ಅತ್ತೆ ಏನಾದರೂ ಹೇಳಿಯಾರು, ಮಗನ ಪರ ವಹಿಸಿಯಾರು ಎಂದು ಪರಿಮಳಾ ಕಾದಳು. ಅವರು ಬತ್ತಿಯ ತಟ್ಟೆ ಎತ್ತಿಕೊಂಡು ಎದ್ದರು. "ಇದಕ್ಕೆ ನನ್ನ ಮಂಡಿ ಹೆಸರು ತರಡ ದಿನಕರಾ," ಎಂದಷ್ಟೇ ಹೇಳಿ ಒಳಗೆ ಹೋದರು.

ಮರುದಿನ ಬೆಳಿಗ್ಗೆ, ಅವನು ಸಂಘಕ್ಕೆ ಹೊರಡುವ ಮೊದಲೇ, ಪರಿಮಳಾ ಮೈಸೂರಿಗೆ ಫೋನ್ ಹಚ್ಚಿದಳು. ಅವನಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದಳು. ಬರುವುದಿಲ್ಲ ಎಂದು ಹೇಳಿದ್ದು ತಾನಲ್ಲ ಎಂದಳು. ಆಚೆಯ ಹೆಂಗಸು ಕಡತ ನೋಡಿ, ಆ ಜಾಗಕ್ಕೆ ಬೇರೆಯವರು ಬಂದು ಕೂತಾಗಿದೆ, ಏನೂ ಮಾಡುವ ಹಾಗಿಲ್ಲ ಎಂದಳು. ಮಳೆಗಾಲ ಮುಗಿದ ಮೇಲೆ ಇನ್ನೊಬ್ಬರನ್ನು ತೆಗೆದುಕೊಳ್ಳುವ ಮಾತಿದೆ. ಮತ್ತೆ ಅರ್ಜಿ ಹಾಕಬೇಕು, ಮತ್ತೆ ಗರಿ ಓದಬೇಕು.

"ಓದ್ತೇನೆ," ಎಂದಳು ಪರಿಮಳಾ.

"ಸಂಪರ್ಕಕ್ಕೆ ಇದೇ ನಂಬರಾ ಮೇಡಂ?"

"ಇದೇ. ನನ್ನ ದನಿ ಅಲ್ಲದಿದ್ರೆ ಮಾತಾಡದೆ ಇಟ್ಟುಬಿಡಿ."

ದಿನಕರ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದ. "ಮತ್ತೆ ಹಾಕ್ತ್ಯಾ ಅರ್ಜಿ?"

"ಹಾಕ್ತೆ. ನೀನೂ ಮತ್ತೆ ಹರಕೆ ಹೊತ್ಗ. ಗಣಪತಿ ಯಾರ ಮಾತು ಕೇಳ್ತಾ ನೋಡನ," ಎಂದಳು ಅವಳು. "ಫೋನ್ ಮಾತ್ರ ಮುಟ್ಟಡ."