ಹಲಗೆಯ ಮೇಲಿನ ಗುರುತು

ಗುರುತಿಲ್ಲದ ಬಟ್ಟೆಯನ್ನು ಇಸ್ತ್ರಿಯವನು ಮುಟ್ಟುತ್ತಿರಲಿಲ್ಲ. ಕಾಲರಿನ ಒಳಗೆ ಶಾಯಿಯ ಚುಕ್ಕೆಯೋ ಗೀಟೋ ಬಿದ್ದ ಮೇಲೇ ಅದು ಯಾರದ್ದೆಂದು ಅವನು ಒಪ್ಪುತ್ತಿದ್ದುದು. ಅಂಥವನಿಗೆ, ಶಾಲೆಯ ಚಾವಣಿಯ ಬಿಸಿಲಿನಲ್ಲಿ ನಿನಗೂ ಪಾಲಿದೆ ಎಂದರೆ ನಂಬಿಕೆ ಎಲ್ಲಿಂದ ಬರಬೇಕು?

ಸ್ವಂತ ಸೂರಿಲ್ಲದ ಬಾಡಿಗೆಯವರೂ ಸೇರಿಕೊಂಡು ಶಾಲೆಯಂಥ ಕಟ್ಟಡದ ಚಾವಣಿಯ ಸೋಲಾರ್ ಕರೆಂಟಿನಲ್ಲಿ ಪಾಲು ಪಡೆಯಬಹುದೆಂದು ಸರ್ಕಾರ ಆ ವರ್ಷ ಕಾನೂನು ಮಾಡಿತ್ತು. ಅದಕ್ಕಾಗಿ ಪಕ್ಕದಂಗಡಿಯ ದರ್ಜಿ ಹೆಂಗಸು ಮನೆ ಮನೆ ಅಲೆದು ಸಹಿ ಹಾಕಿಸಿ, ಶಾಸಕರ ಬಾಗಿಲು ಕಾದಿದ್ದಳು. ಲಾಭವಿಲ್ಲದೆ ಯಾರಾದರೂ ಚಪ್ಪಲಿ ಸವೆಸುತ್ತಾರೆಯೇ ಎಂಬುದು ಇಸ್ತ್ರಿಯವನ ಗುಮಾನಿ. ಸೊಸೆಯೋ ಅವನನ್ನು ಕೇಳದೆಯೇ ಹೆಸರು ಬರೆಸಿಬಿಟ್ಟಿದ್ದಳು. ಕೆಂಡದ ಇಸ್ತ್ರಿಯ ಹೊಗೆ ಇನ್ನು ಕೂಡದೆಂದು ಡಾಕ್ಟರು ಹೇಳಿಯಾಗಿತ್ತು. ಈ ಅಗ್ಗದ ಕರೆಂಟೂ ಕೈಬಿಟ್ಟರೆ ಅಂಗಡಿಗೆ ಬೀಗವೇ. ಅದು ಅವನಿಗೂ ಗೊತ್ತಿತ್ತು. ಆದರೆ ಹುಟ್ಟುಗುಣ ಸುಟ್ಟರೂ ಹೋಗದು.

ಸೋಲಾರ್ ಹಲಗೆಗಳ ಧೂಳು ಒರೆಸುವ ಸರದಿ ತನ್ನದಾದ ದಿನ, ಮೂಲೆಯ ಹಲಗೆಯೊಂದರ ಅಂಚಿಗೆ ತನ್ನ ಶಾಯಿಯಿಂದ ಗುರುತು ಹಾಕಿ ಅದನ್ನು ತನ್ನದೆಂದುಕೊಂಡ. ಅದರ ಮೇಲೆ ಮನೆಯ ದಪ್ಪ ಹೊದಿಕೆ ಹೊದಿಸಿ, ನಾಲ್ಕು ಮೂಲೆಗೂ ಕಲ್ಲು ಹೇರಿ, ಅಂಗಡಿಗೆ ಓಡಿಬಂದ. ಕರೆಂಟಿನ ಇಸ್ತ್ರಿಪೆಟ್ಟಿಗೆ ಎಂದಿನಂತೆಯೇ ಕಾಯಿತು. ಒದ್ದೆ ಬೆರಳು ತಾಗಿಸಿದರೆ ಚುರ್ ಎಂದಿತು.

"ನೋಡು, ಎಲ್ಲಾ ಮೋಸ," ಎಂದ ಸೊಸೆಗೆ. "ನನ್ನ ಹಲಗೆಗೆ ಮುಸುಕು ಹಾಕಿ ಬಂದಿದೀನಿ. ಬಿಸಿಲೇ ಬೀಳದೆ ಇದು ಹೆಂಗೆ ಕಾಯ್ತು? ಆ ಹೆಂಗಸು ಹೇಳಿದ್ದೆಲ್ಲ ಬೊಗಳೆ. ಸಂಜೆನೇ ಹೆಸರು ತೆಗೆಸ್ತೀನಿ."

ಸೊಸೆ ಮಡಿಸುತ್ತಿದ್ದ ಅಂಗಿಯನ್ನು ಕೆಳಗಿಟ್ಟಳು. "ಮಾವ, ಅಲ್ಲಿ ಯಾರಿಗೂ ಬೇರೆ ಹಲಗೆ ಅಂತಿಲ್ಲ. ಎಲ್ಲಾದ್ರದ್ದೂ ಒಟ್ಟಿಗೆ ಸೇರತ್ತೆ, ಆಮೇಲೆ ಪಾಲು. ನೀವು ಮುಚ್ಚಿ ಬಂದಿರೋದು ಎಲ್ಲರದ್ದನ್ನ."

"ಹಂಗಾದ್ರೆ ಈಗ ಕಾದಿದ್ದು?"

"ಮಿಕ್ಕವರ ಬಿಸಿಲಲ್ಲಿ. ದರ್ಜಿ ಅಕ್ಕಂದೂ ಸೇರಿ."

ಇಸ್ತ್ರಿಯವನಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಸಿಟ್ಟು ಯಾರ ಮೇಲೆಂದು ಮಾತ್ರ ತಿಳಿಯಲಿಲ್ಲ. ಹೊದಿಕೆ ತೆಗೆಯಲೆಂದು ಹೊರಟವನಿಗೆ ಬಾಗಿಲಲ್ಲೇ ದರ್ಜಿ ಎದುರಾದಳು.

"ನಾನು ಬರೀ ಒರೆಸಿ ಬಂದೆ," ಎಂದ, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡಂತೆ. ಅವಳ ಕಂಕುಳಲ್ಲಿ ಅದೇ ಹೊದಿಕೆ, ಅಚ್ಚುಕಟ್ಟಾಗಿ ಮಡಿಸಿದ್ದು.

"ಗಾಳಿಗೆ ಹಾರಿಹೋಗಿತ್ತು ಅನ್ಸತ್ತೆ, ಅಣ್ಣ," ಎಂದಳು ದರ್ಜಿ. "ಕಲ್ಲುಗಳೂ ಜೊತೆಗೇ ಹಾರಿದ್ವು. ಒಂದು ಹಲಗೆ ಮೇಲೆ ನಿಮ್ಮ ಗುರುತಿತ್ತು. ಉಳಿದವಕ್ಕೂ ಹಾಕಿಬಿಡಿ, ಅವೂ ನಿಮ್ಮವೇ."

ಸಂಜೆ ಅವನು ಹೆಸರು ತೆಗೆಸಲು ಹೋಗಲಿಲ್ಲ. ಒದ್ದೆ ಬಟ್ಟೆ ಹಿಡಿದು ಚಾವಣಿ ಹತ್ತಿ, ಆ ಒಂದು ಗುರುತನ್ನು ತಿಕ್ಕುತ್ತ ಕೂತ. ಎಷ್ಟು ಒಗೆದರೂ ಹೋಗದ ಶಾಯಿಯೆಂದು ಅದನ್ನು ಆರಿಸಿ ತಂದವನು ಅವನೇ.