ತೋಳಿನ ಅಳತೆ

ಶೆಟ್ಟೆವ್ವ ಎಲ್ಲಿಗೆ ಹೋದರೂ ಕಂಕುಳಲ್ಲಿ ಒಂದು ಬಟ್ಟೆಯ ಚೀಲ ಇರುತ್ತಿತ್ತು. ಅದರೊಳಗೆ ಬೂದಿ ಬಣ್ಣದ ಒಂದು ಸ್ವೆಟರ್. ಬೆನ್ನು, ಎದೆ ಮುಗಿದು ಹೆಗಲು ಕೂಡಿದ್ದವು. ಮೊದಲ ತೋಳು ಮೊಣಕೈ ದಾಟಿ ಕಡ್ಡಿಯ ಮೇಲೆಯೇ ನಿಂತಿತ್ತು.

ಅದು ಮಗ ಸಿದ್ರಾಯನದು. ಹೋದ ಚಳಿಗಾಲ ಹಿಡಕಲ್ ರಸ್ತೆಯಲ್ಲಿ, ಹಿಂದೆ ದೀಪವಿಲ್ಲದೆ ನಿಂತಿದ್ದ ಕಬ್ಬಿನ ಟ್ರ್ಯಾಕ್ಟರಿಗೆ ಅವನ ಬೈಕು ಬಡಿಯಿತು. ಆಮೇಲೆ ತೋಳು ಮುಂದೆ ಹೋಗಲಿಲ್ಲ.

ಶೆಟ್ಟೆವ್ವ ಟೇಪು ಹಿಡಿದವಳಲ್ಲ. ಅವಳ ಓರಗೆಯ ಹೆಣೆಯುವ ಹೆಂಗಸರು ಯಾರೂ ಹಿಡಿಯುವುದಿಲ್ಲ. ಬೆನ್ನು, ಎದೆಯನ್ನು ಗೇಣಿನಲ್ಲಿ ಅಳೆಯುತ್ತಾರೆ. ತೋಳನ್ನು ಮಾತ್ರ ತೊಡುವವರನ್ನು ಎದುರಿಗೆ ನಿಲ್ಲಿಸಿ, ಕೈಗೆ ಹಿಡಿದು ನೋಡಿ, ಮಣಿಕಟ್ಟಿಗೆ ಬಂದಾಗ ಮುಗಿಸುತ್ತಾರೆ. ನಿಲ್ಲಿಸಲು ಈಗ ಯಾರೂ ಇರಲಿಲ್ಲ. ಅವನ ಬಟ್ಟೆಗಳನ್ನೆಲ್ಲ ದಿವಸ ಮಾಡಿದಂದೇ ಬಂಧುಗಳು ಗಂಟು ಕಟ್ಟಿ ಕೊಟ್ಟುಬಿಟ್ಟಿದ್ದರು. ಬಿಚ್ಚಿಬಿಡು ಎಂದು ಅಕ್ಕಪಕ್ಕದವರು ಹೇಳಿದರು. ಅವಳು ಬಿಚ್ಚಲಿಲ್ಲ, ಮುಗಿಸಲಿಲ್ಲ, ಬೇರೆ ಹೆಣಿಗೆಯನ್ನೂ ಮುಟ್ಟಲಿಲ್ಲ. ಮೊದಲು ಊಟ ಕಡಿಮೆಯಾಯಿತು, ಆಮೇಲೆ ಮಾತು.

ಅಂಕಲಗಿಯ ಮನೆಯಲ್ಲಿ ಅವಳು ಮತ್ತು ಸೊಸೆ ವಿದ್ಯಾ ಇಬ್ಬರೇ. ಆ ಸ್ವೆಟರ್ ಹೇಗಾದರೂ ಕಡ್ಡಿಯಿಂದ ಇಳಿಯಬೇಕು, ಇಲ್ಲದಿದ್ದರೆ ಅತ್ತೆಯೂ ಉಳಿಯುವುದಿಲ್ಲ ಎಂದು ವಿದ್ಯಾಳಿಗೆ ಅನ್ನಿಸುತ್ತಿತ್ತು. ಅನ್ನಿಸಿದರೂ ಅಳು ಬರುತ್ತಿರಲಿಲ್ಲ. ಅದು ನಿಂತು ಬಹಳ ದಿನವಾಗಿತ್ತು.

ವಿದ್ಯಾ ಬೆಳಗಾವಿಯಲ್ಲಿ ಕಂಪ್ಯೂಟರ್ ಎಂ.ಎಸ್‌ಸಿ. ಓದಿದವಳು. ಗೋಕಾಕದ ಒಂದು ಸಂಸ್ಥೆ ಅವಳಿಗೆ ಕೆಲಸ ಕೊಟ್ಟಿತ್ತು: ಎಐ ಅಂದರೆ ಏನೆಂದು ಮಹಿಳಾ ಸಂಘಗಳಿಗೆ ತಿಳಿಸುವುದು. ಮೊದಲು ಮೂಡಲಗಿಗೆ ಹೋದಳು. ಸಂಸ್ಥೆ ಕೊಟ್ಟ ಪುಸ್ತಕದ ಮಾತುಗಳನ್ನೇ ಓದಿದಳು. ಇಬ್ಬರು ತೂಕಡಿಸಿದರು, ಒಬ್ಬಳು ಚಹಾ ಎಷ್ಟೊತ್ತಿಗೆ ಎಂದು ವಿನಯದಿಂದಲೇ ಕೇಳಿದಳು.

ಹುಕ್ಕೇರಿಯ ಸಂಘದವರು ಟೊಪ್ಪಿಗೆ, ಸ್ವೆಟರ್ ಹೆಣೆದು ಮಾರುವವರು. ಅತ್ತೆಯನ್ನು ಮನೆಯಲ್ಲಿ ಒಬ್ಬಳೇ ಬಿಡಲಾಗದೆ ಅಲ್ಲಿಗೆ ಕರೆದುಕೊಂಡು ಹೋದಳು. ಸಂತೆಪೇಟೆಯ ಹಿಂದಿನ ಕೋಣೆಯಲ್ಲಿ ಹೆಂಗಸರು ಕೈ ಆಡಿಸುತ್ತಲೇ ಕೇಳಲು ಕುಳಿತರು. ಶೆಟ್ಟೆವ್ವ ಚೀಲ ಅವುಚಿಕೊಂಡು ಗೋಡೆಗೆ ಒರಗಿದಳು. ವಿದ್ಯಾ ಈ ಸಲ ಪುಸ್ತಕ ತೆಗೆಯಲಿಲ್ಲ.

ಯಂತ್ರಕ್ಕೆ ಲಕ್ಷಗಟ್ಟಲೆ ಸ್ವೆಟರ್ ತೋರಿಸುತ್ತಾರೆ ಎಂದುಕೊಳ್ಳಿ, ಅದು ದತ್ತಾಂಶ, ಎಂದಳು. ಅವನ್ನು ನೋಡಿ ಹೆಣೆದು, ತಪ್ಪಿ, ಬಿಚ್ಚಿ, ಮತ್ತೆ ಹೆಣೆಯುವುದು ತರಬೇತಿ. ಕೊನೆಗೆ ಕೈಗೆ ಕೂತುಬಿಡುವ ರೂಢಿಗೆ ಮಾಡೆಲ್ ಅನ್ನುತ್ತಾರೆ.

ಸಂಘದ ಹಿರಿಯಳು ಕಾಶೆವ್ವ ಕಡ್ಡಿಯಿಂದ ಕಣ್ಣೆತ್ತದೆ ಹೇಳಿದಳು: "ಹಂಗಾದ್ರ ನಮ್ಮ ಸೊಸಿಗಿ ಇನ್ನೂ ತರಬೇತಿ ಮುಗದಿಲ್ಲ ಬಿಡ್ರಿ."

ನಗು ನಿಂತ ಮೇಲೆ ವಿದ್ಯಾ ಕೇಳಿದಳು: ಎರಡು ನೇರ ಕುಣಿಕೆ ಸುಲಟಾ, ಎರಡು ತಿರುವಿದ ಕುಣಿಕೆ ಉಲಟಾ ಬಂದರೆ ಮುಂದೆ ಏನು? ಸುಲಟಾ ಎಂದು ಕೋಣೆಯೇ ಹೇಳಿತು. ಯಂತ್ರ ಮಾಡುವುದೂ ಅಷ್ಟೇ, ಬಂದದ್ದನ್ನು ನೋಡಿ ಬರುವುದನ್ನು ಊಹಿಸುತ್ತದೆ ಎಂದಳು. ಗೊತ್ತಿಲ್ಲದಿದ್ದರೂ ನಿಲ್ಲುವುದಿಲ್ಲ. ಗೊತ್ತಿದ್ದಂತೆಯೇ ಹೆಣೆಯುತ್ತ ಹೋಗುತ್ತದೆ, ಒಂದು ಕುಣಿಕೆಯೂ ಸಡಿಲಾಗದ ಹಾಗೆ. ಅದನ್ನು ಭ್ರಮೆ ಅನ್ನುತ್ತಾರೆ.

"ನಮ್ಮ ಮನ್ಯಾವ್ರೂ ಹಂಗ ನೋಡ್ರಿ ಅಕ್ಕೋರ," ಎಂದಳು ಕಾಶೆವ್ವ. "ದಾರಿ ಗೊತ್ತಿರಂಗಿಲ್ಲ, ಮುಂದ ಮುಂದ ನಡೀತಾರ."

ಆ ನಗುವಿನ ನಡುವೆ ಗೋಡೆಯ ಕಡೆಯಿಂದ ದನಿ ಬಂತು. ಬಹಳ ದಿನ ಬಳಸದೆ ಒರಟಾದ ದನಿ.

"ಅರ್ಧಾ ಕೊಟ್ರ ಉಳದದ್ದು ಹೇಳತೈತೇನು ಅದು?"

ಶೆಟ್ಟೆವ್ವ ಸ್ವೆಟರನ್ನು ಹೊರಗೆ ತೆಗೆದಿದ್ದಳು. ಮೊಂಡು ತೋಳನ್ನು ಅಂಗೈ ಮೇಲೆ ಹಾಸಿಕೊಂಡು ಸೊಸೆಯ ಕಡೆ ಚಾಚಿದ್ದಳು. ಕೋಣೆಯಲ್ಲಿ ಕಡ್ಡಿಗಳು ನಿಂತವು. ವಿದ್ಯಾಳಿಗೆ ತಾನು ಏನು ಹೇಳಿಕೊಟ್ಟೆ ಎಂಬುದು ಆಗ ಹೊಳೆಯಿತು. ಅದು ಹಾಗಲ್ಲ ಎಂದು ಹೇಳಲು ಹೋದಳು. ಅಷ್ಟರಲ್ಲಿ ಕಾಶೆವ್ವ, ಕೇಳಿದ್ದನ್ನ ತೋರಿಸಿಬಿಡ್ರಿ, ಹಿರೇಮನಶಿ ಬಾಯಿ ಬಿಟ್ಟಾಳ ಎಂದು ಮೆಲ್ಲಗೆ ಅಂದಳು.

ವಿದ್ಯಾ ಫೋಟೊ ತೆಗೆದಳು. ಇದನ್ನು ಪೂರ್ತಿ ಮಾಡಿ ತೋರಿಸು ಎಂದು ಯಂತ್ರಕ್ಕೆ ಹೇಳಿದಳು. ಸ್ವಲ್ಪ ಹೊತ್ತು ಫೋನಿನಲ್ಲಿ ಚಕ್ರ ತಿರುಗಿತು. ಆಮೇಲೆ ಬೂದಿ ಬಣ್ಣದ ಸ್ವೆಟರ್ ತೊಟ್ಟ ಗಂಡಸೊಬ್ಬ ಮೂಡಿದ. ತೋಳುಗಳೆರಡೂ ಮುಗಿದಿದ್ದವು. ಅವನು ನಗುತ್ತಿದ್ದ.

ಶೆಟ್ಟೆವ್ವ ಫೋನನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು ನೋಡಿದಳು.

"ಇಂವ ನಮ್ಮಾಂವ ಅಲ್ಲ."

"ಅಲ್ರಿ ಅತ್ತಿ."

"ತೋಳಾದ್ರೂ ಅವಂದ ಐತೇನು?"

"ಇಲ್ರಿ. ಮಂದಿ ತೋಳು ನೋಡಿ ಮಾಡೇತಿ. ನಿಮ್ಮ ಮಗನ್ನ ಅದು ನೋಡೇ ಇಲ್ಲ."

ಶೆಟ್ಟೆವ್ವ ಫೋನನ್ನು ವಾಪಸು ಕೊಟ್ಟಳು. ಕಾಶೆವ್ವ ಎದ್ದು ಚಹಾಕ್ಕೆ ಹೇಳಲು ಹೊರಗೆ ಹೋದಳು. ತರಗತಿ ಅಲ್ಲಿಗೇ ಮುಗಿಯಿತು.

ಸಂಜೆಯ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಊರು ದಾಟುವವರೆಗೆ ಶೆಟ್ಟೆವ್ವ ಕಿಟಕಿಯ ಕಡೆ ನೋಡುತ್ತಿದ್ದಳು. ಆಮೇಲೆ ಚೀಲದಿಂದ ಸ್ವೆಟರ್ ತೆಗೆದು ಸೊಸೆಯ ತೊಡೆಯ ಮೇಲೆ ಇಟ್ಟಳು.

"ಅದು ನೋಡಿಲ್ಲ. ನೀ ನೋಡೀಯಲ್ಲ. ನನ್ನ ಕಣ್ಣಿಗಿ ಅಂವ ಈಗ ಸಣ್ಣಾಂವ ಆಗೇ ಕಾಣತಾನ, ಅಳತಿ ಸಿಗವಲ್ತು. ನೀ ಹೇಳು. ಕೈ ಎಲ್ಲಿ ತನಕ ಬರತಿತ್ತು?"

ವಿದ್ಯಾ ನೆನಪಿಸಿಕೊಳ್ಳಲು ಕುಳಿತಳು. ಬೈಕಿನ ಹಿಡಿಕೆಯ ಮೇಲಿನ ಕೈ ಬಂತು. ಅದು ಮದುವೆಯ ಆಲ್ಬಮ್ಮಿನದು. ರೊಟ್ಟಿ ಮುರಿಯುವ ಕೈ ಬಂತು, ಬೆರಳುಗಳಷ್ಟೇ ಕಂಡವು. ತನ್ನ ಹೆಗಲ ಸುತ್ತ ಬಳಸುತ್ತಿದ್ದ ಕೈ ಎಲ್ಲಿಗೆ ಮುಟ್ಟುತ್ತಿತ್ತು ಎಂದು ಹುಡುಕಿದಳು. ಅಲ್ಲಿ ಏನೂ ಇರಲಿಲ್ಲ. ಫೋನಿನೊಳಗೆ ನಗುತ್ತಿದ್ದವನ ತೋಳು ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು.

ಅತ್ತೆ ಕಾಯುತ್ತಿದ್ದಳು. ಕಡ್ಡಿ ಆಗಲೇ ಕೈಗೆ ಬಂದಿತ್ತು.

ವಿದ್ಯಾ ತನ್ನ ಕೈ ಚಾಚಿದಳು. ಅರ್ಧ ತೋಳನ್ನು ಅದರ ಮೇಲೆ ಹಾಸಿ, ಮಣಿಕಟ್ಟು ದಾಟಿ, ಹೆಬ್ಬೆರಳ ಬುಡದ ಹತ್ತಿರ ಬೆರಳಿಟ್ಟಳು.

"ಇಲ್ಲಿ ತನಕ ಬರತಿತ್ರಿ."

ದನಿ ನಡುಗಲಿಲ್ಲ. ಶೆಟ್ಟೆವ್ವ ಆ ಜಾಗವನ್ನು ಮುಟ್ಟಿ ನೋಡಿ, ತಲೆಯಾಡಿಸಿ, ಹೆಣೆಯಲು ಶುರುಮಾಡಿದಳು. ಕುಣಿಕೆಗಳು ಒಂದರ ಹಿಂದೆ ಒಂದು ಬಿಗಿಯಾಗಿ ಬೀಳುತ್ತಿದ್ದವು. ವಿದ್ಯಾ ಅಂಕಲಗಿ ಬರುವವರೆಗೂ ಕೈ ಚಾಚಿಯೇ ಕುಳಿತಿದ್ದಳು.