ಚೀಟಿ ಕಿತ್ತ ಸೇಬು

ದೇವರ ಮುಂದೆ ಇಡುವ ಹಣ್ಣಿಗೆ ಗೋಂದು ಮೆತ್ತಿರಬಾರದು. ಯಾವ ಪ್ರಾಣಿಯ ಮೂಳೆ ಕಾಯಿಸಿ ಮಾಡಿದ ಗೋಂದೋ ಯಾರು ಕಂಡರು? ಹಾಗೆಂದುಕೊಂಡೇ ಗಿರಿಜಾಂಬಾ ಪ್ರತಿ ಸೇಬಿನ ಮೈಗಂಟಿದ್ದ ಪುಟ್ಟ ಚೀಟಿಯನ್ನು ಉಗುರಿನಿಂದ ಎಬ್ಬಿಸಿ ಕಿತ್ತು, ಪಕ್ಕದ ಬಕೆಟ್ಟಿನ ನೀರಿಗೆ ಹಾಕಿದರು. ಹಣ್ಣುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಹೊಳಪು ಬರಿಸಿದರು. ಚಾಮರಾಜಪುರಂನ ಈ ಹಣ್ಣಿನಂಗಡಿ ಮೈದುನ ಶಿವರುದ್ರಪ್ಪನದು. ಶುಭಕಾರ್ಯದ ತಟ್ಟೆ ಜೋಡಿಸುವ ಕೆಲಸ ಮಾತ್ರ ಮೊದಲಿನಿಂದಲೂ ಅತ್ತಿಗೆಯದು.

ಮಾರ್ಕೆಟ್ಟಿನಿಂದ ಬಾಳೆಗೊನೆ ತಂದಿಳಿಸಿದ ಶಿವರುದ್ರಪ್ಪ ತಟ್ಟೆಗಳನ್ನು ನೋಡಿ ನಿಂತುಬಿಟ್ಟ.

"ಅತ್ತಿಗೆ, ಚೀಟಿ ಎಲ್ಲಿ?"

"ಎಲ್ಲಾ ಕಿತ್ಬುಟ್ಟೆ ಕಣಪ್ಪ. ಏನು ಜಿಗಟು ಅಂತೀಯ."

ಅವನು ಸ್ಟೂಲಿನ ಮೇಲೆ ಕುಸಿದ. ಹೊರದೇಶದ ಸೇಬು ಮೈಸೂರಿಗೆ ಆಗ ತಾನೇ ಬರತೊಡಗಿದ್ದ ಕಾಲ. ಆ ಸಂಜೆ ಅಂಗಡಿಯ ಹಳೇ ಗಿರಾಕಿ ಸುಮಿತ್ರಮ್ಮನವರ ಮಗಳ ನಿಶ್ಚಿತಾರ್ಥ. ಗಂಡಿನ ಕಡೆಯವರಿಗೆ ಕೊಡುವ ತಟ್ಟೆಯಲ್ಲಿ ಅಮೆರಿಕದ ಸೇಬೇ ಇರಬೇಕೆಂದು ಅವರು ಹೇಳಿದ್ದರು. ಶಿವರುದ್ರಪ್ಪ ಮೊದಲ ಸಲ ಆ ಹಣ್ಣು ತರಿಸಿದ್ದ.

"ಯಾವ ದೇಶದ್ದು ಅಂತ ಬರೆದಿರೋದೇ ಆ ಚೀಟೀಲಿ ಅತ್ತಿಗೆ. ಈಗ ಇದು ಅಮೆರಿಕದ್ದೋ ಶಿಮ್ಲಾದ್ದೋ ದೇವರಿಗೂ ಗೊತ್ತಾಗಲ್ಲ."

"ದೇವರಿಗೆ ಗೊತ್ತಾಗುತ್ತೆ ಬಿಡು."

"ಬೀಗರಿಗೆ ಗೊತ್ತಾಗಬೇಕಲ್ಲ."

ಗಿರಿಜಾಂಬಾ ಬಕೆಟ್ಟಿಗೆ ಕೈ ಹಾಕಿದರು. ಕಾಗದ ನೆಂದು ಮುದ್ದೆಯಾಗಿತ್ತು. ಹಣ್ಣು ಬಂದ ಪೆಟ್ಟಿಗೆಯ ಮೇಲೆ ದೇಶದ ಹೆಸರಿದೆಯಲ್ಲ, ಅದನ್ನೇ ತೋರಿಸೋಣ ಎಂದರು. ಅಂಥ ಖಾಲಿ ಪೆಟ್ಟಿಗೆಗೆ ಶಿಮ್ಲಾ ಹಣ್ಣು ತುಂಬಿ ಮಾರುವವರು ಆಗಲೇ ಊರಲ್ಲಿದ್ದಾರೆ, ಯಾರು ನಂಬುತ್ತಾರೆ ಎಂದ ಅವನು. ಅವರು ಎದ್ದರು, ಬಾಗಿಲವರೆಗೆ ಹೋದರು, ಮತ್ತೆ ಬಂದು ಕೂತರು. ಎಲ್ಲಿ ಕೂತರೂ ಕಣ್ಣು ಆ ಬೋಳು ಸೇಬುಗಳ ಮೇಲೇ ಹೋಗುತ್ತಿತ್ತು.

ವಿಷಯ ತಿಳಿದ ಎದುರಿನ ಹಣ್ಣಿನಂಗಡಿಯ ದೊರೆಸ್ವಾಮಿ ಚೀಟಿಗಳ ಒಂದು ಸುರುಳಿ ಹಿಡಿದುಕೊಂಡು ಬಂದ. ಕೈ ಒರೆಸಿಕೊಂಡು ಎರಡೂ ಕೈಯಲ್ಲಿ ಕೊಟ್ಟ.

"ತಗೊಳ್ಳಿ ಅಮ್ಮಾವ್ರೇ. ಇದನ್ನ ಅಂಟಿಸಿದ್ರೆ ನಮ್ಮೂರ ಸೀಬೆಕಾಯೂ ವಿಮಾನದಲ್ಲಿ ಬಂದಂಗೆ ಕಾಣುತ್ತೆ."

ಗಿರಿಜಾಂಬಾ ಕನ್ನಡಕ ಹಾಕಿಕೊಂಡು ಓದಿದರು. "ಇದರಲ್ಲಿ ನ್ಯೂಜಿಲೆಂಡ್ ಅಂತ ಇದೆಯಲ್ಲಪ್ಪ."

"ಅದೂ ಹೊರದೇಶನೇ ತಾನೆ? ಬೀಗರೇನು ಭೂಪಟ ಇಟ್ಕೊಂಡು ಬರ್ತಾರಾ?"

ಅವನ ಮಾತಿನಲ್ಲಿ ಕೊಂಕಿರಲಿಲ್ಲ. ತನ್ನ ವ್ಯಾಪಾರ ಬಿಟ್ಟು, ಕೇಳದೆಯೇ ಬಂದಿದ್ದ. ಶಿವರುದ್ರಪ್ಪ ಆಗಲೇ ಒಂದು ಚೀಟಿ ಬಿಡಿಸಿದ್ದ.

"ಬೇಡ ಕಣಪ್ಪ," ಎಂದರು ಗಿರಿಜಾಂಬಾ.

"ಹಣ್ಣು ನಿಜ ತಾನೇ ಅತ್ತಿಗೆ?"

"ನಿಜದ ಹಣ್ಣಿಗೆ ಸುಳ್ಳು ಯಾಕೆ ಅಂಟಿಸ್ತೀಯ? ನಾನೇ ಹೋಗಿ ಹೇಳ್ತೀನಿ."

"ಅಪ್ಪನ ಕಾಲದಿಂದ ಬರೋ ಮನೆ ಅದು. ಶಿಮ್ಲಾ ಹಣ್ಣು ತಂದು ಕಥೆ ಕಟ್ತಿದಾರೆ ಅಂದ್ಕೊಂಡ್ರೆ ಇನ್ಯಾವತ್ತೂ ನಮ್ಮ ಅಂಗಡಿ ಮೆಟ್ಟಿಲು ಹತ್ತಲ್ಲ."

ಆಟೋದಲ್ಲಿ ತಟ್ಟೆಗಳನ್ನು ಹಿಡಿದು ಕೂತಾಗ ಗಿರಿಜಾಂಬಾಗೆ ಅದೇ ಮಾತು ಕಿವಿಯಲ್ಲಿ. ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಹೇಳಿ ನೋಡಿಕೊಂಡರು. ಹೇಗೆ ಹೇಳಿದರೂ ಕಟ್ಟುಕಥೆಯಂತೆಯೇ ಕೇಳಿಸುತ್ತಿತ್ತು.

ಸುಮಿತ್ರಮ್ಮ ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದರು. ಗಿರಿಜಾಂಬಾ ನಡೆದದ್ದನ್ನು ಹೇಳಿದಾಗ ನಿಂತು ಪೂರ್ತಿ ಕೇಳಿದರು. ಮುಖ ಸಡಿಲವಾಗಲಿಲ್ಲ.

"ಯಾವುದೋ ಒಂದು ಚೀಟಿ ಅಂಟಿಸಿ ತಂದಿದ್ರೆ ನಂಗೆ ಗೊತ್ತೇ ಆಗ್ತಿರಲಿಲ್ಲ."

"ದೊರೆಸ್ವಾಮಿ ಕೊಟ್ಟಿದ್ದ. ಅದು ಬೇರೆ ದೇಶದ್ದು."

ಗಿರಿಜಾಂಬಾ ಅವರ ಮುಖವನ್ನೇ ಸುಮಿತ್ರಮ್ಮ ಒಂದು ಗಳಿಗೆ ನೋಡಿದರು. "ಒಳಗಿಡಿ," ಎಂದಷ್ಟೇ ಹೇಳಿ ಅಡುಗೆಯವರನ್ನು ವಿಚಾರಿಸಲು ಹೋದರು. ನಂಬಿದರೋ, ಜಗಳಕ್ಕೆ ಹೊತ್ತಿಲ್ಲವೆಂದು ಬಿಟ್ಟರೋ ತಿಳಿಯದೆ ಗಿರಿಜಾಂಬಾ ಹಜಾರದ ಕಂಬಕ್ಕೆ ಒರಗಿ ನಿಂತರು. ಯಾರೋ ಕುರ್ಚಿ ತಂದಿಟ್ಟರು. ಕೂರಲಾಗಲಿಲ್ಲ.

ತಟ್ಟೆ ಬದಲಾಯಿಸುವಾಗ ಹುಡುಗನ ಸೋದರತ್ತೆ ಒಂದು ಸೇಬನ್ನೆತ್ತಿಕೊಂಡು ಸುತ್ತಲೂ ತಿರುಗಿಸಿ ನೋಡಿದರು.

"ಎಲ್ಲೀದು ಇದು? ಅಮೆರಿಕದ್ದು ಅಂದಿದ್ರಿ."

"ಅಮೆರಿಕದ್ದೇ," ಎಂದರು ಸುಮಿತ್ರಮ್ಮ. "ಚೀಟಿ ಇತ್ತು. ದೇವರ ಹಣ್ಣಿಗೆ ಗೋಂದು ಬೇಡ ಅಂತ ನಮ್ಮ ಗಿರಿಜಾಂಬಾ ಕಿತ್ತರು. ಅಲ್ಲೇ ನಿಂತಿದ್ದಾರೆ, ಬೇಕಾದ್ರೆ ಕೇಳಿ."

ಎಲ್ಲರೂ ಕಂಬದ ಕಡೆ ತಿರುಗಿದರು. ಗಿರಿಜಾಂಬಾ, "ಹೌದು, ನಾನೇ ಕಿತ್ತಿದ್ದು," ಎಂದರು. ಸ್ವರ ತಮಗೇ ಕೇಳಿಸಿತೋ ಇಲ್ಲವೋ.

ಸೋದರತ್ತೆ ಆ ಸೇಬನ್ನು ಬಾಳೆಹಣ್ಣಿನ ಅಡಿಗೆ ತಳ್ಳಿದರು. ನಂಬಿಕೆ ಬಂದಿರಲಿಲ್ಲ.

ಸುಮಿತ್ರಮ್ಮ ಬಗ್ಗಿ ಅದನ್ನು ಹೊರತೆಗೆದು, ಸೆರಗಿನಿಂದೊಮ್ಮೆ ಒರೆಸಿ ಎಲ್ಲಕ್ಕಿಂತ ಮೇಲಿಟ್ಟರು. ಆಮೇಲೆ ಕುಂಕುಮದ ಬಟ್ಟಲು ಹಿಡಿದು ಕಂಬದ ಬಳಿಗೆ ಬಂದು ತಗ್ಗಿದ ದನಿಯಲ್ಲಿ ಹೇಳಿದರು:

"ಮದುವೆ ತಟ್ಟೇನೂ ನೀವೇ ಜೋಡಿಸಬೇಕು. ಆಗ ಮಾತ್ರ ಚೀಟಿ ಕೀಳ್ಬೇಡಿ ಕಣ್ರೀ."